ಮುನ್ನೂರು ಜನರ ಮದುವೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಲಗ್ನಪತ್ರಿಕೆ ಅಂಗಡಿ ಇಟ್ಟು ನೋಡಿರಲಿಲ್ಲ ಅಂತ ಕಾಣುತ್ತದೆ. ಇಟ್ಟಿದ್ದರೆ ಗಾದೆ ಇನ್ನೂ ಉದ್ದವಾಗುತ್ತಿತ್ತು. ಕೊಡಿಗೇಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದೊಂದು ಪುಟ್ಟ ಅಂಗಡಿಯಿದೆ. ಮುಂದೆ ಜೆರಾಕ್ಸು, ಹಿಂದೆ ಮದುವೆ ಕಾರ್ಡು. ನಾನು ಬೇಡವೆಂದರೂ ವಾರಕ್ಕೊಂದು ಪ್ರಸಂಗ ಕೌಂಟರಿನ ಮುಂದೆ ಬಂದು ನಿಲ್ಲುತ್ತದೆ.

ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು. "ಸಿಂಪಲ್ಲಾಗಿ ಮಾಡ್ತಿದ್ದೀವಿ." ಆರ್.ಟಿ. ನಗರದ ಒಬ್ಬರು ಖರ್ಚು ಇಳಿಸಬೇಕೆಂದು ವಾಲಗದವರನ್ನು ಬೇಡವೆಂದು, ಮದುಮಗನನ್ನು ಕುದುರೆ ಮೇಲೆ ತಂದರು. ಇದರಲ್ಲಿ ಉಳಿತಾಯ ಎಲ್ಲಿ ಬಂತು ಎಂದು ಕೇಳಿದೆ. "ವಾಲಗದೋರು ಎಂಟು ಜನ ಊಟಕ್ಕೆ ಕೂರ್ತಾರೆ ಮೇಡಂ. ಕುದುರೆ ಕೂರಲ್ಲ" ಎಂದರು. ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಮದುವೆಯ ಬಜೆಟ್ಟೆಲ್ಲ ನಿಂತಿರುವುದು ಎಷ್ಟು ಜನ ಎಂಬ ಒಂದು ಸಂಖ್ಯೆಯ ಮೇಲೆ. ಆ ಸಂಖ್ಯೆ ಮೊದಲು ಬಾಯಿಂದ ಹೊರಗೆ ಬೀಳುವುದು ಎಷ್ಟು ಕಾರ್ಡು ಎಂದು ನಾನು ಕೇಳಿದಾಗ. ಹಾಗಾಗಿ ಈ ವಿಷಯದಲ್ಲಿ ನಾನು ನೋಡದ್ದು ಏನೂ ಉಳಿದಿಲ್ಲ ಎಂಬ ಜಂಬ ನನಗಿತ್ತು. ಹೋದ ವರ್ಷ ನಮ್ಮೂರಿನ ಒಂದು ಮನೆಯವರು ಆ ಜಂಬವನ್ನು ಇಳಿಸಿಬಿಟ್ಟರು. ಇವತ್ತಿಗೂ ನೆನೆಸಿಕೊಂಡರೆ ಮೂಗಿನ ಮೇಲೆ ಬೆರಳು ಹೋಗುತ್ತದೆ.

ನೂರೈವತ್ತು ಕಾರ್ಡು

ಮದುಮಗಳೇ ಬಂದಿದ್ದಳು, ಜೊತೆಗೆ ಅವಳ ಅಪ್ಪ. ಶಾಲೆಯಲ್ಲಿದ್ದಾಗ ಪ್ರಾಜೆಕ್ಟಿಗೆ ಹಸುವಿನ ಚಿತ್ರ ಹುಡುಕಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದ ಹುಡುಗಿ. ಈಗ ಹೆಬ್ಬಾಳದಲ್ಲಿ ಓದಿ ಪಶುವೈದ್ಯೆಯಾಗಿದ್ದಾಳೆ. ಯಲಹಂಕದಲ್ಲಿ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಲ್ಯಾಪ್‌ಟಾಪ್ ತೆರೆದು ನನ್ನ ಕೌಂಟರಿನ ಮೇಲಿಟ್ಟಳು.

"ಆಂಟಿ, ಅಪ್ಪ ನನ್ನ ಹೆಸರಲ್ಲಿ ಇಪ್ಪತ್ತು ಲಕ್ಷ ಇಟ್ಟಿದ್ದಾರೆ. ಮದುವೆಗೆ ಎಂಟು. ಉಳಿದ ಹನ್ನೆರಡರಲ್ಲಿ ನನ್ನ ಸ್ವಂತ ಕ್ಲಿನಿಕ್ಕು. ಅಲ್ಲಾಳಸಂದ್ರದಲ್ಲಿ ಮಳಿಗೆ ನೋಡಿದ್ದೀನಿ. ಮದುವೆ ಆಗಿ ಒಂದು ವಾರದೊಳಗೆ ಅಡ್ವಾನ್ಸ್ ಕೊಡ್ಬೇಕು, ಇಲ್ಲಾಂದ್ರೆ ಓನರ್ ಬೇರೆಯವರಿಗೆ ಕೊಡ್ತಾರಂತೆ. ಎಕ್ಸ್‌ರೇ ಮೆಷಿನ್ನೂ ಬರ್ಬೇಕು. ಅದಕ್ಕೇ ಮುನ್ನೂರೇ ಜನ. ಎರಡೂ ಕಡೆ ಸೇರಿ."

ಅವಳು ಬರೆದಿದ್ದ ಪಟ್ಟಿಯನ್ನು ನೋಡಿ ನಿಜವಾಗಿಯೂ ಖುಷಿಯಾಯಿತು. ಛತ್ರ, ಊಟ, ಹೂವು, ಸೀರೆ, ಫೋಟೋ, ಪುರೋಹಿತರ ದಕ್ಷಿಣೆ, ಚಪ್ಪರದ ಬಾಳೆಕಂಬದವರೆಗೆ ಎಲ್ಲ ಇತ್ತು. ಒಂದೇ ಒಂದು ನನಗೆ ಅರ್ಥವಾಗಲಿಲ್ಲ. ಯಲಹಂಕದ ದಾರಿಯಲ್ಲಿ ಅವಳು ಗೊತ್ತುಮಾಡಿದ್ದ ಛತ್ರದಲ್ಲಿ ಎರಡು ಊರು ಕೂರಿಸಬಹುದು.

"ಮುನ್ನೂರು ಜನಕ್ಕೆ ಅಷ್ಟು ದೊಡ್ಡ ಛತ್ರ ಯಾಕಮ್ಮ?"

"ಅಪ್ಪನ ಸ್ನೇಹಿತರದು ಆಂಟಿ, ಅರ್ಧ ಬಾಡಿಗೆಗೆ ಕೊಟ್ಟಿದ್ದಾರೆ. ಪಾರ್ಕಿಂಗೂ ಇದೆ."

ಕಾರ್ಡು ನೂರೈವತ್ತು, ಇಬ್ಬರಿಗೊಂದರಂತೆ. ಇಷ್ಟೆಲ್ಲ ಮಾತಾಡುವಾಗಲೂ ಅಪ್ಪ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ತೋಟ ಹೋಗಿ ಬಾಡಿಗೆ ಮನೆಗಳಾದ ಮೇಲೂ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ ಬಿಡದ ಮನುಷ್ಯ. "ನಮ್ಮ ಮನೇಲಿ ಮಗಳು ಹೇಳಿದ್ದೇ ಫೈನಲ್ ಅಕ್ಕ" ಎಂದರು. ಎಷ್ಟು ತಿಳಿವಳಿಕಸ್ಥ ಅಪ್ಪ ಎಂದು ನನ್ನ ಕಣ್ಣು ತುಂಬಿ ಬಂತು. ಆ ನೀರು ಒಣಗುವ ಮೊದಲೇ ಅಂಗಡಿಯ ಹೊರಗೆ ನಿಂತು ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಏಯ್, ನಿನ್ನ ಬಿಟ್ಟು ಮದ್ವೆ ಮಾಡ್ತೀನೇನೋ? ಮನೆಯೋರ್ನೆಲ್ಲ ಕರ್ಕೊಂಡ್ ಬಾ."

ಹೆಸರಿಗೆ ಜಾಗ

ಹುಡುಗಿ ಒಂದೇ ಹಾಳೆಯ ಕಾರ್ಡು ಆರಿಸಿದ್ದಳು. ಗಂಡು, ಹೆಣ್ಣು, ಮುಹೂರ್ತ, ಛತ್ರ. ಅಷ್ಟೇ. ಪ್ರೂಫ್ ನೋಡಲು ಮನೆಯವರೆಲ್ಲ ಒಟ್ಟಿಗೆ ಬಂದರು. ಹುಡುಗಿಯ ದೊಡ್ಡಪ್ಪನವರು, ಅಂದರೆ ಅಪ್ಪನ ಅಣ್ಣ, ಊರಿನ ಹಿರಿಯರು, ಕಾರ್ಡನ್ನು ತಿರುಗಿಸಿ ನೋಡಿದರು. ಹಿಂದೆ ಖಾಲಿಯಿತ್ತು.

"ಇದೇನಮ್ಮ, ಇದ್ರಲ್ಲಿ ನಾವು ಯಾರೂ ಇಲ್ವಲ್ಲ? ಕರೆಯೋರೇ ಇಲ್ದೆ ಜನ ಎಂಗೆ ಬರ್ತಾರೆ?"

ಅದು ನಿಜವೇ. ನಮ್ಮ ಕಡೆ ಕಾರ್ಡಿನ ಕೆಳಗೆ 'ಸುಖಾಗಮನ ಬಯಸುವವರು' ಎಂದು ಮನೆತನದವರ ಹೆಸರು ಹಾಕುವುದು ರೂಢಿ. ಒಂದು ಹೆಸರು ಬಿಟ್ಟರೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ದೊಡ್ಡಪ್ಪ ಎಂಟು ಹೆಸರು ಹೇಳಿದರು. ಆ ಎಂಟು ಜನರ ಹೆಂಡತಿಯರ ಹೆಸರಿಲ್ಲದಿದ್ದರೆ ಹೇಗೆ ಎಂದು ಹುಡುಗಿಯ ಅಜ್ಜಿ, ಅಪ್ಪನ ತಾಯಿ, ಕೇಳಿದರು. ಹದಿನಾರಾಯಿತು. ಅಳಿಯಂದಿರನ್ನು ಬಿಡುವಂತಿರಲಿಲ್ಲ. ಅಷ್ಟಾದ ಮೇಲೆ ಯಾರೋ ಮೊಮ್ಮಕ್ಕಳನ್ನು ನೆನಪಿಸಿದರು. ಅದರಲ್ಲಿ ಒಂದು ಮಗು ಹುಟ್ಟಿ ಹನ್ನೊಂದು ದಿನವಾಗಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ. 'ಪಾಪು' ಎಂದು ಹಾಕಿಸಿದರು.

ಒಂದು ಹಾಳೆ ಎರಡಾಯಿತು, ಎರಡು ಮಡಚುವ ನಾಲ್ಕು ಪುಟವಾಯಿತು. ಪ್ರತಿ ಹೆಸರಿಗೂ ಅಕ್ಷರ ಚಿಕ್ಕದು ಮಾಡುತ್ತಾ ಹೋದೆ. ರೇಟು ಮಾತ್ರ ದೊಡ್ಡದಾಗುತ್ತಿತ್ತು. ಹುಡುಗಿ ಸಿಟ್ಟಾಗುತ್ತಾಳೆ ಎಂದು ನೋಡಿದರೆ ಅವಳು ತಣ್ಣಗೆ ಕೂತಿದ್ದಳು. "ಹಾಕಿ ಆಂಟಿ, ಹೆಸರು ಊಟ ಮಾಡಲ್ಲ" ಎಂದಳು.

ನಲವತ್ತಮೂರು ಹೆಸರು. ಎಲ್ಲರೂ ತಮ್ಮ ತಮ್ಮ ಹೆಸರನ್ನು ಬೆರಳಿಟ್ಟು ಎರಡೆರಡು ಸಲ ಓದಿದರು. ದೊಡ್ಡಪ್ಪ ಕನ್ನಡಕ ಬಿಚ್ಚಿ ಒರೆಸಿ ಮೂರನೇ ಸಲ ಓದಿದರು. ಸರಿ, ಪ್ರಿಂಟಿಗೆ ಕೊಡಿ ಎಂದು ಸಹಿ ಹಾಕಿದರು. ಸಂಜೆ ಅಂಗಡಿಗೆ ಒಂದು ಫೋನ್ ಬಂತು. ಬಹಳ ಮರ್ಯಾದಸ್ಥ ದನಿ.

"ಮೇಡಂ, ಕಾರ್ಡಿನ ಪ್ರೂಫ್ ನನಗೂ ಕಳಿಸಿದ್ರು. ತುಂಬಾ ಚೆನ್ನಾಗಿದೆ. ನಾನು ಮದುವೆ ಗಂಡು. ನನ್ನ ಹೆಸರು ಎಲ್ಲೂ ಕಾಣಿಸ್ಲಿಲ್ಲ. ನಾನೂ ಬರಬಹುದಾ?"

ಜಾಗ ಮಾಡುವ ಗಡಿಬಿಡಿಯಲ್ಲಿ ಅದನ್ನು ಅಳಿಸಿದವಳು ನಾನೇ. ಆದರೆ ನಲವತ್ತಮೂರು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲವಲ್ಲ!

ಬರದೇ ಇರುವವರಿಗೆ

ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವಾಗಲೇ ಹುಡುಗಿಯ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕಪಕ್ಕ ನೋಡಿ ಒಳಗೆ ಬಂದರು.

"ಅಕ್ಕಾ, ಅದೇ ಕಾರ್ಡು ಇನ್ನೊಂದು ಇನ್ನೂರು ಹಾಕ್ಬಿಡಿ. ದುಡ್ಡು ಬೇರೆ ಕೊಡ್ತೀನಿ. ಮಗಳಿಗೆ ಗೊತ್ತಾಗೋದು ಬೇಡ."

"ನೂರೈವತ್ತೇ ಅಂತ ನಿಮ್ಮ ಎದುರಿಗೇ ಹೇಳಿದ್ಲಲ್ಲ?"

"ಅದು ಬರೋರಿಗೆ. ಇದು ಬರದೇ ಇರೋರಿಗೆ."

"ಬರದೇ ಇರೋರಿಗೆ ಕಾರ್ಡು ಯಾಕೆ?"

ಅವರು ನನ್ನನ್ನು ನೋಡಿದ ರೀತಿ, ಲೋಕಜ್ಞಾನವಿಲ್ಲದ ಹೆಂಗಸು ಎನ್ನುವಂತಿತ್ತು. "ಕಾರ್ಡು ಕೊಡದಿದ್ರೆ ಯಾಕೆ ಕೊಡ್ಲಿಲ್ಲ ಅಂತ ಕೇಳಕ್ಕೆ ಬಂದೇ ಬರ್ತಾರಲ್ಲಕ್ಕ! ಕೊಟ್ಬಿಟ್ರೆ ಸಮಾಧಾನವಾಗಿ ಮನೇಲೇ ಇರ್ತಾರೆ. ನಾನು ಜನ ಕಮ್ಮಿ ಮಾಡಕ್ಕೇ ಕಾರ್ಡು ಜಾಸ್ತಿ ಮಾಡ್ತಿರೋದು."

ಇದರಲ್ಲಿ ಎಲ್ಲಿ ತಪ್ಪಿದೆ ಎಂದು ಮಧ್ಯಾಹ್ನದವರೆಗೂ ಯೋಚಿಸಿದೆ. ಸಿಕ್ಕಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಆಗಲೇ ಮಾತು ಕೊಟ್ಟಾಗಿತ್ತು. ಕಾರ್ಡಿಗಿಷ್ಟು ಎಂದು ನನಗೂ ಲಾಭವಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗಿಯ ಕ್ಲಿನಿಕ್ಕಿನ ನೆನಪಾಗಿ ಆವತ್ತಿನ ಕಾಫಿ ಕಹಿಯಾಗಿತ್ತು.

ನಲವತ್ತು ಮನೆ

ಅದೇ ವಾರ ದೊಡ್ಡಪ್ಪನವರು ಒಬ್ಬರೇ ಬಂದರು. ಅವರ ಬೇಡಿಕೆ ಕೇಳಿ ನನಗೆ ಹಾಯೆನಿಸಿತು.

"ನಮ್ಮ ತಮ್ಮಂಗೂ ಮಗೀಗೂ ಏಳ್ಬ್ಯಾಡ ತಾಯಿ. ಊರೋರ್ನ ಕರೀಬೇಕು. ಕರೀದಿದ್ರೆ ನಾಳೆ ನಾವು ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿಲ್ಲ. ಜಾಸ್ತಿ ಏನಿಲ್ಲ. ಊರಲ್ಲಿ ಇರಾದೇ ನಲವತ್ತು ಮನೆ."

ನಲವತ್ತೇ ತಾನೆ ಎಂದು ಹಾಕಿಕೊಟ್ಟೆ. ಮೂರು ದಿನಕ್ಕೆ ಮತ್ತೆ ಬಂದರು, ಇನ್ನೂ ನೂರು ಬೇಕು ಎಂದರು. ಎರಡು ದಿನ ಬಿಟ್ಟು ಮತ್ತೆ ನೂರೈವತ್ತು. ನಲವತ್ತು ಮನೆಗೆ ಮುನ್ನೂರರ ಹತ್ತಿರ ಕಾರ್ಡು ಹೇಗೆ ಬೇಕಾಗುತ್ತದೆ ಎಂದು ನನಗೆ ಬಗೆಹರಿಯಲಿಲ್ಲ. ಭಾನುವಾರ ಅವರು ನಮ್ಮ ಮನೆಗೇ ಬಂದಾಗ ಬಗೆಹರಿಯಿತು.

ನಾನಿರುವುದು ಎರಡನೇ ಮಹಡಿಯಲ್ಲಿ ಬಾಡಿಗೆಗೆ. ಕೆಳಗೆ ಮನೆಯ ಯಜಮಾನರು, ನಡುವೆ ನಮ್ಮಂಥ ಆರು ಸಂಸಾರ, ಮೇಲಿನ ಎರಡು ಮಹಡಿಯಲ್ಲಿ ಹುಡುಗರ ಪಿ.ಜಿ. ಅವರ ಎಣಿಕೆಯಲ್ಲಿ ಇದೆಲ್ಲ ಸೇರಿ ಒಂದು ಮನೆ. ಅವರು ಚಿಕ್ಕವರಿದ್ದಾಗ ಅಲ್ಲಿ ಒಂದು ಹೆಂಚಿನ ಮನೆ ಇತ್ತಂತೆ. ಊರಿನ ಲೆಕ್ಕ ಅವತ್ತಿನಿಂದ ಬದಲಾಗಿರಲಿಲ್ಲ. ಹೆಂಚಿನ ಮನೆಗಳೆಲ್ಲ ಮೇಲಕ್ಕೆ ಬೆಳೆದದ್ದು ಅವರ ತಪ್ಪೇನೂ ಅಲ್ಲ.

"ಗೌಡ್ರೇ, ಕೆಳಗೆ ಓನರ್‌ಗೆ ಕೊಟ್ರೆ ಸಾಕಲ್ವಾ?" ಎಂದೆ. ಮಂಡಿನೋವಿನ ಮನುಷ್ಯ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದರಲ್ಲಿ ಕಾರ್ಡಿನ ಚೀಲ.

"ಗೇಟು ದಾಟಿ ಒಳಕ್ಕೆ ಬಂದ್ಮೇಲೆ ಒಂದು ಬಾಗ್ಲು ಬಿಟ್ಟೋದ್ರೆ ಆ ಬಾಗ್ಲಿಗೆ ಅವಮಾನ ಕಣಮ್ಮ. ನಮ್ಮಪ್ಪ ಇಂಗೇ ಕರೀತಿದ್ದಿದ್ದು."

"ಮೇಲಿರೋ ಹುಡುಗ್ರಿಗೆ ಕನ್ನಡಾನೇ ಬರಲ್ವಲ್ಲ?"

"ಊಟಕ್ಕೆ ಕೂರಕ್ಕೆ ಕನ್ನಡ ಯಾಕಮ್ಮ ಬೇಕು?"

ಮೇಲೆ ಏನಾಗುತ್ತದೋ ಎಂದು ನಾನೂ ಹಿಂದೆ ಹೋದೆ. ಪ್ರತಿ ಕೋಣೆಯ ಬಾಗಿಲು ತಟ್ಟಿ, ಎರಡೂ ಕೈಯಲ್ಲಿ ಕಾರ್ಡು ಕೊಟ್ಟು, ಹಣೆಗೆ ಕುಂಕುಮವಿಟ್ಟು, "ನಮ್ಮ ಮಗಿನ ಮದ್ವೆ, ಒಂದಿನ ಮುಂಚೇನೇ ಬಂದ್ಬಿಡ್ಬೇಕು" ಎನ್ನುತ್ತಿದ್ದರು. ಹುಡುಗರು ಏನೂ ತಿಳಿಯದೆ ಅವರ ಕಾಲಿಗೆ ಬೀಳುತ್ತಿದ್ದರು. ಸಾವಿರಾರು ಮೈಲಿ ದೂರದಿಂದ ಬಂದ ಮಕ್ಕಳು. ಈ ಊರಿನಲ್ಲಿ ಅವರ ಬಾಗಿಲಿಗೆ ಬಂದು ಕರೆದವರು ಅದುವರೆಗೆ ಯಾರೂ ಇರಲಿಲ್ಲವಂತೆ. ಒಬ್ಬ ಹುಡುಗನ ಕಣ್ಣಲ್ಲಿ ನೀರೇ ಬಂತು.

ಕೊನೆಯ ಕೋಣೆಯ ಹುಡುಗ ಭಾನುವಾರವೂ ಕಂಪ್ಯೂಟರ್ ಮುಂದೆ ಮೀಟಿಂಗಿನಲ್ಲಿದ್ದ. ದೊಡ್ಡಪ್ಪ ಅವನಿಗೆ ಕುಂಕುಮವಿಟ್ಟು ತಿರುಗಿದರು. ಪರದೆಯ ಮೇಲೆ ಒಂಬತ್ತು ಮುಖಗಳು ಇವರನ್ನೇ ನೋಡುತ್ತಿದ್ದವು. ಇವರು ತಡಮಾಡದೆ ಬಗ್ಗಿ, ಒಂಬತ್ತೂ ಮುಖಕ್ಕೆ ಒಂದೊಂದಾಗಿ ಕೈಮುಗಿದು, "ನೀವೂ ಮನೆಯೋರೆಲ್ಲ ಬರ್ಬೇಕು" ಎಂದು ಛತ್ರದ ವಿಳಾಸ ಹೇಳಿದರು. ನಾನು ತೋಳು ಹಿಡಿದು ಎಳೆದರೆ ನನಗೇ ಗದರಿಸಿದರು.

"ಬಾಗ್ಲು ತೆಗೆದೈತೆ ಅಂದ್ಮೇಲೆ ಬಿಟ್ಟೋಗಕ್ಕಾಯ್ತದೇನಮ್ಮ?"

ಅಜ್ಜಿಯ ಪಟ್ಟಿ

ಇನ್ನು ಉಳಿದವರು ಅಜ್ಜಿ. ಅವರೂ ಒಂದು ದಿನ ಆಟೋದಲ್ಲಿ ಒಬ್ಬರೇ ಬಂದಿಳಿದರು. ಮಕ್ಕಳಿಗೂ ಮೊಮ್ಮಗಳಿಗೂ ಹೇಳಬಾರದು ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ತೆಗೆದುಕೊಂಡರು. ಅರವತ್ತು ಕಾರ್ಡು ಬೇಕು, ಕವರಿನ ಮೇಲೆ ಹೆಸರೂ ನಾನೇ ಬರೆಯಬೇಕು.

ಅಜ್ಜಿಗೆ ಓದು ಬರಹ ಬಾರದು. ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಕಣ್ಣುಮುಚ್ಚಿ, ಅರವತ್ತು ಮನೆಯನ್ನು ಒಂದೇ ಉಸಿರಿಗೆ ಹೇಳುತ್ತಾ ಹೋದರು. ಯಾರ ಮನೆಯಲ್ಲಿ ಎಷ್ಟು ಮದುವೆಯಾಯಿತು, ತಾವು ಯಾವುದಕ್ಕೆ ಬಿಂದಿಗೆ ಕೊಟ್ಟದ್ದು, ಯಾವುದಕ್ಕೆ ಹಿತ್ತಾಳೆ ತಟ್ಟೆ ಎಲ್ಲ ಬಾಯಲ್ಲೇ ಇತ್ತು. ನನಗೆ ನಿನ್ನೆಯ ಜೆರಾಕ್ಸಿನ ಲೆಕ್ಕ ನೆನಪಿರುವುದಿಲ್ಲ. ಆ ತಲೆಗೆ ಅಲ್ಲೇ ಎದ್ದು ಕೈಮುಗಿಯಬೇಕು ಎನಿಸಿತು. ತೊಂದರೆ ಬಂದದ್ದು ವಿಳಾಸದಲ್ಲಿ ಮಾತ್ರ.

"ಬರಿ ಮಗ, ಹೆಬ್ಬಾಳದಲ್ಲಿ ದೊಡ್ಡ ಹುಣಸೇಮರದ ಪಕ್ಕದ ಮನೆ."

"ಆ ಹುಣಸೇಮರ ಈಗ ಎಲ್ಲಿದೆ ಅಜ್ಜಿ?"

"ಫ್ಲೈಓವರ್ ಕೆಳ್ಗೆ ಓಗೈತೆ. ನೀನು ಬರಿ, ನಂಗೊತ್ತು ಆ ಮನೆ."

ಹೀಗೆ ಇಲ್ಲದ ಬಾವಿ, ಇಲ್ಲದ ಗದ್ದೆ, ಇಲ್ಲದ ತೋಪಿನ ಗುರುತಿನ ಮೇಲೆ ಅರವತ್ತು ಕವರು ಬರೆದೆ. ಅದರಲ್ಲಿ ಅರ್ಧದಷ್ಟು ಜನ ಅಜ್ಜಿಗಿಂತ ಹಿರಿಯರು. ಬಾಯಿ ತಪ್ಪಿ ಕೇಳಿಬಿಟ್ಟೆ.

"ಅಜ್ಜಿ, ಇವರೆಲ್ಲ ಇನ್ನೂ ಇದ್ದಾರಾ?"

ಅಜ್ಜಿ ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿದರು. "ನಾನು ಅವ್ರ ಮನೆ ನಾಕು ನಾಕು ಮದ್ವೆಗೆ ಮುಯ್ಯಿ ಕೊಟ್ಟಿವ್ನಿ. ನಮ್ಮನೆ ಮದ್ವೆಗೆ ತಿರುಗ್ಸಿ ಕೊಡ್ದೆ ಎಂಗೆ ಸಾಯ್ತಾರೆ?"

ಎಲೆ ಮೇಲೆ ಎಲೆ

ಮದುವೆಯ ದಿನ ನಾನು ಛತ್ರಕ್ಕೆ ಹೋದದ್ದು ಊಟದ ಆಸೆಯಿಂದಲ್ಲ, ಭಯದಿಂದ. ಹುಡುಗಿ ಹೇಳಿದ್ದು ನೂರೈವತ್ತು ಕಾರ್ಡು, ನಾನು ಹಾಕಿದ್ದು ಏಳುನೂರು. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೂರೂ ಜನ ತಾವು ಕರೆದವರಷ್ಟೇ ಹೆಚ್ಚು ಎಂದುಕೊಂಡು ಆರಾಮಾಗಿದ್ದರು.

ಧಾರೆಯಾಗುವ ಹೊತ್ತಿಗೆ ಛತ್ರ ತುಂಬಿ ಹೊರಗಿನ ಚಪ್ಪರವೂ ತುಂಬಿತ್ತು. ಬರದೇ ಇರುವವರೆಲ್ಲ ಬಂದಿದ್ದರು. ನಲವತ್ತು ಮನೆಯವರು ಬಂದಿದ್ದರು. ಫ್ಲೈಓವರ್ ಕೆಳಗೆ ಹೋದ ಹುಣಸೇಮರದ ಮನೆಯವರು ಎರಡು ವ್ಯಾನು ಮಾಡಿಕೊಂಡು ಬಂದಿದ್ದರು. ಪಿ.ಜಿ. ಹುಡುಗರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಅವರ ಜೊತೆ ನಾನು ಕಂಪ್ಯೂಟರ್ ಪರದೆಯ ಮೇಲೆ ಕಂಡಿದ್ದ ಎರಡು ಮುಖಗಳೂ ಇದ್ದವು.

ಊಟದ ಹಾಲಿನಲ್ಲಿ ಕೂತವರ ಹಿಂದೆ ಒಬ್ಬೊಬ್ಬರು ಕುರ್ಚಿ ಹಿಡಿದು ನಿಂತಿದ್ದರು. ನಿಂತವರ ಹಿಂದೆ ಇನ್ನೂ ಒಬ್ಬರು. ಚಿರೋಟಿಯ ಮೇಲೆ ಬಾದಾಮಿ ಹಾಲು ಸುರಿಯುವುದನ್ನು ನೋಡುತ್ತಾ ನಿಂತೆ. ಒಂದೊಂದು ಎಲೆ ಹಾಕಿದಾಗಲೂ ಆ ಎಕ್ಸ್‌ರೇ ಮೆಷಿನ್ನಿನ ಒಂದೊಂದು ಸ್ಕ್ರೂ ಕಳಚಿ ಬೀಳುತ್ತಿದೆ ಎನಿಸಿತು. ನಾನು ಒಂದು ಮಾತು ಹೇಳಿದ್ದರೆ ಹುಡುಗಿಯ ಹನ್ನೆರಡು ಲಕ್ಷ ಉಳಿಯುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ವಿಚಿತ್ರವೆಂದರೆ ಊಟ ಮುಗಿಯುತ್ತಲೇ ಇರಲಿಲ್ಲ. ನಾಲ್ಕನೇ ಪಂಕ್ತಿಗೂ ಬಿಸಿ ಒಬ್ಬಟ್ಟು ಬಂತು. ತಡೆಯಲಾಗದೆ ಅಡುಗೆಮನೆಗೆ ಹೋದೆ. ಅಡುಗೆ ಕಂಟ್ರಾಕ್ಟರು ನನಗೆ ಹಳೆಯ ಪರಿಚಯ. ಕೊಳಗದ ಪಕ್ಕ ಕುರ್ಚಿ ಹಾಕಿಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

"ರೀ, ನಿಮಗೆ ಮುನ್ನೂರು ಜನ ಅಂತ ತಾನೇ ಹೇಳಿದ್ದು?"

"ಹೂಂ ಮೇಡಂ. ಡಾಕ್ಟ್ರಮ್ಮ ಮುನ್ನೂರು ಎಲೆಗೆ ಕೊಟ್ರು. ಮಾರನೇ ದಿನ ಅವರಪ್ಪ ಬಂದ್ರು, ಇನ್ನು ನಾನೂರು ಎಲೆ ಹಾಕ್ಕೊಳ್ಳಿ, ಮಗಳಿಗೆ ಹೇಳ್ಬೇಡಿ, ಅವಳ ದುಡ್ಡು ಮುಟ್ಟೋದು ಬೇಡ ಅಂತ ಎತ್ತಿದ ಚೀಟಿ ದುಡ್ಡು ಪೂರ್ತಿ ಕೊಟ್ಟೋದ್ರು."

"ಅವರು ಬರದೇ ಇರೋರು ಅಂದಿದ್ರಲ್ಲ?"

"ಬರದೇ ಇರೋರು ಬಂದ್ಬಿಟ್ರೆ ಅಂತ. ಆಮೇಲೆ ದೊಡ್ಡಪ್ಪನೋರು ಬಂದ್ರು. ಆರುನೂರು ಎಲೆ, ತಮ್ಮಂಗೆ ಗೊತ್ತಾಗ್ಬಾರ್ದು. ತಮ್ಮ ಮನೆಗಳಿಂದ ಬಂದ ಬಾಡಿಗೆ ದುಡ್ಡು ಕೊಟ್ರು. ಅಜ್ಜಿ ಬಂದು ಸೆರಗಿನ ಗಂಟು ಬಿಚ್ಚಿ ನೂರೈವತ್ತು ಎಲೆಗೆ ಕೊಟ್ಟು, ನನ್ನ ಮೊಮ್ಮಗನ ಮೇಲೆ ಆಣೆ ಹಾಕಿಸ್ಕೊಂಡ್ರು. ನಾನು ಒಂದೊಂದು ಆರ್ಡರ್ರೂ ಬೇರೆ ಬೇರೆ ಅಂತ ಇಟ್ಕೊಂಡು ಒಟ್ಟಿಗೆ ಬೇಯಿಸ್ದೆ."

ನಾನು ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟೆ. ಕದ್ದು ಕರೆದವರು ಒಬ್ಬೊಬ್ಬರೂ ತಾವು ಕರೆದವರ ಊಟಕ್ಕೆ ತಮ್ಮ ಜೇಬಿನಿಂದ, ಅದೂ ಕದ್ದು, ದುಡ್ಡು ಕಟ್ಟಿದ್ದರು. ಹುಡುಗಿಯ ಎಂಟು ಲಕ್ಷದ ಗೆರೆ ಒಂದಿಂಚೂ ಅಲ್ಲಾಡಿರಲಿಲ್ಲ. ಇಷ್ಟು ಪ್ರಾಮಾಣಿಕರಾದ ಕಳ್ಳರನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ಇಷ್ಟೇನಾ, ಇನ್ನೂ ಯಾರಾದ್ರೂ ಇದ್ದಾರಾ?" ಎಂದೆ.

ಕಂಟ್ರಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೊನ್ನೆ ಮದುವೆ ಗಂಡು ಫೋನ್ ಮಾಡಿದ್ರು. ಫ್ರೆಂಡ್ಸು ಐವತ್ತು ಜನ, ದುಡ್ಡು ಈಗ್ಲೇ ಹಾಕ್ತೀನಿ, ಹುಡುಗಿಗೆ ಮಾತ್ರ ಹೇಳ್ಬೇಡಿ ಅಂದ್ರು."

ಮಾತ್ರೆ

ಮದುವೆಯಾದ ನಾಲ್ಕನೇ ದಿನ ಹುಡುಗಿ ಅಂಗಡಿಗೆ ಬಂದಳು. ಅರಿಶಿನದ ದಾರ ಇನ್ನೂ ಹಸಿಹಸಿಯಾಗಿತ್ತು. ಅಲ್ಲಾಳಸಂದ್ರದ ಮಳಿಗೆಗೆ ಆ ಬೆಳಿಗ್ಗೆಯೇ ಅಡ್ವಾನ್ಸ್ ಕೊಟ್ಟು, ಬೀಗದಕೈ ಇಸಿದುಕೊಂಡು, ನೇರ ಇಲ್ಲಿಗೆ ಬಂದಿದ್ದಳು. ನೂರೈವತ್ತು ಕಾರ್ಡಿನ ಬಾಕಿ ಕೊಡಲು ಪರ್ಸು ತೆಗೆದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ನಾನು ನಿನಗೊಂದು ಮೋಸ ಮಾಡಿದ್ದೀನಿ. ಹೇಳಬಾರದು ಅಂತ ಮೂರು ಜನ ಆಣೆ ಹಾಕಿಸ್ಕೊಂಡಿದ್ರು. ನಿನ್ನ ಕಾರ್ಡು ನೂರೈವತ್ತಲ್ಲ, ಏಳುನೂರು."

"ಏಳುನೂರಾ ಆಂಟಿ? ನಾನು ಆರುನೂರೈವತ್ತು ಅಂದ್ಕೊಂಡಿದ್ದೆ" ಎಂದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಅಷ್ಟು ದೊಡ್ಡ ಛತ್ರ ಹಿಡೀತಿದ್ನಾ? ನಮ್ಮ ಮನೆಯೋರು ಸಾವಿರದೈನೂರು ಜನಕ್ಕಿಂತ ಕಮ್ಮಿ ಕರೆಯಲ್ಲ ಆಂಟಿ. ಸಾವಿರದೈನೂರು ಅಂತ ನಾನೇ ಬಜೆಟ್ ಹಾಕಿದ್ರೆ ಕ್ಲಿನಿಕ್ಕಿನ ದುಡ್ಡು ಪೂರ್ತಿ ಹೋಗ್ತಿತ್ತು. ಅದರ ಮೇಲೆ ಇನ್ನೂ ಸಾವಿರ ಜನನ ಕದ್ದು ಕರೀತಿದ್ರು. ಮುನ್ನೂರು ಅಂದೆ. ಮಿಕ್ಕಿದ್ದನ್ನ ಅವರವರೇ ನೋಡ್ಕೊಂಡ್ರು."

"ಅವರೇ ದುಡ್ಡು ಕೊಡ್ತಾರೆ ಅಂತ ನಿನಗೆ ಹೇಗಮ್ಮ ಗೊತ್ತು? ಕೊಡದೇ ಇದ್ದಿದ್ರೆ?"

"ನಮ್ಮ ಮನೆಯೋರಿಗೆ ನನ್ನ ಕಂಡ್ರೆ ಪ್ರಾಣ ಆಂಟಿ. ನನ್ನ ದುಡ್ಡು ಮುಟ್ಟಲ್ಲ. ಆದ್ರೆ ಖರ್ಚು ಹಂಚ್ಕೊಳ್ಳಿ ಅಂತ ಎದುರಿಗೆ ಕೇಳಿದ್ರೆ, ಮೂರು ತಿಂಗಳು ಪಂಚಾಯ್ತಿ ಮಾಡಿ ಕೊನೆಗೆ ಜಗಳ ಆಡ್ತಾರೆ." ಅವಳು ಪರ್ಸಿನ ಜಿಪ್ಪು ಎಳೆದು ನಕ್ಕಳು. "ನಾಯಿಗೆ ಮಾತ್ರೆ ಕೊಡೋದು ಹೇಗೆ ಗೊತ್ತಾ ಆಂಟಿ? ಕೈಯಲ್ಲಿ ಹಿಡ್ಕೊಂಡು ಕೊಟ್ರೆ ಉಗಿಯುತ್ತೆ. ಬಲವಂತ ಮಾಡಿದ್ರೆ ಕಚ್ಚುತ್ತೆ. ರೊಟ್ಟಿ ಒಳಗಿಟ್ಟು, ಮೇಜಿನ ತುದೀಲಿ ಮರೆತೋದವರ ಥರ ಬಿಟ್ಟು, ನಾವು ಆ ಕಡೆ ತಿರುಗ್ಬೇಕು. ಕದ್ದೆ ಅಂತ ಖುಷಿಯಲ್ಲಿ ನುಂಗಿ, ಬಾಯಿ ಬೇರೆ ಚಪ್ಪರಿಸುತ್ತೆ. ಅಪ್ಪಂಗೆ ಮಾತ್ರ ಹೇಳ್ಬೇಡಿ."

ಅವಳು ಹೋದ ಮೇಲೆ ಅವಳ ಆರ್ಡರಿನ ಚೀಟಿಯನ್ನು ಹರಿಯದೆ ಎತ್ತಿಟ್ಟುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಬಜೆಟ್ಟು ನೋಡಿದ್ದೇನೆ. ಎಲ್ಲದರಲ್ಲೂ ದುಡ್ಡಿನ ಲೆಕ್ಕವಿತ್ತು. ಮನೆಯವರ ಲೆಕ್ಕ ಹಾಕಿದ್ದನ್ನು ಕಂಡದ್ದು ಇದೊಂದರಲ್ಲೇ.

ಸಂಜೆ ಅವಳ ಅಪ್ಪ ಬಂದರು. ಮುಖ ಅರಳಿತ್ತು. ಕೌಂಟರಿಗೆ ಮೊಣಕೈ ಊರಿ, ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದರು.

"ಮಗಳಿಗೆ ಏನೂ ಗೊತ್ತಾಗ್ಲಿಲ್ಲ ಅಲ್ವಾ ಅಕ್ಕ?"

"ಇಲ್ಲಪ್ಪ."

"ಆದ್ರೂ ನನ್ನ ಮಗಳು ಹಾಕಿದ ಬಜೆಟ್ ನೋಡಿ! ನಾನೇನೋ ನಾನೂರು ಎಲೆ ಸೇರಿಸಿದ್ದೆ, ಇರ್ಲಿ. ಅವಳದೂ ಸೇರಿ ಏಳುನೂರು. ಬಂದೋರು ಅದರ ಎರಡರಷ್ಟು! ಮಿಕ್ಕೋರಷ್ಟೂ ಅವಳು ಹೇಳಿದ ಮುನ್ನೂರು ಎಲೇಲೇ ಉಂಡ್ರು ಅಂದ್ರೆ ನಂಬ್ತೀರಾ? ಎಂಟು ಲಕ್ಷದ ಮೇಲೆ ನಮ್ಮ ಮನೆಗೆ ಒಂದು ರೂಪಾಯಿ ಖರ್ಚಾಗಿಲ್ಲ ಅಕ್ಕ. ಒಂದು ರೂಪಾಯಿ!"

ತಾನು ಕೊಟ್ಟ ಚೀಟಿ ದುಡ್ಡು ಅವರ ಪ್ರಕಾರ ಖರ್ಚೇ ಅಲ್ಲ. ಅಣ್ಣನದೂ ಅಮ್ಮನದೂ ಅವರಿಗೆ ಗೊತ್ತೇ ಇಲ್ಲ. ಮಗಳ ಕೈಗುಣವನ್ನು ನೆನೆದು ಕೈಮುಗಿದರು. ಆಮೇಲೆ ಕಣ್ಣುಮುಚ್ಚಿ, ತೃಪ್ತಿಯಿಂದ, ಎರಡು ಸಲ ಬಾಯಿ ಚಪ್ಪರಿಸಿದರು.

ನಾನು ಬಿದ್ದ ಪೆನ್ನು ಹುಡುಕುವವಳಂತೆ ಕೌಂಟರಿನ ಕೆಳಗೆ ಬಗ್ಗಿದವಳು, ಅವರು ಹೋಗುವವರೆಗೂ ಮೇಲೆ ಏಳಲಿಲ್ಲ.